ಫೋರ್ಟ್ ವಾರ್ಡ್, ಅಲೆಕ್ಸಾಂಡ್ರಿಯ: ಮಣ್ಣಿನ ಕೋಟೆಯನ್ನು ನೋಡುವ ಬಗೆ

ಚಿತ್ರದುರ್ಗದ ಕಲ್ಲುಗೋಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಹೋದರೆ ನಿರಾಸೆ ಖಂಡಿತ. ವರ್ಜೀನಿಯಾದ ಈ ಉದ್ಯಾನದಲ್ಲಿರುವುದು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು. ಆದರೂ ಅಮೆರಿಕದ ಅಂತರ್ಯುದ್ಧದಲ್ಲಿ ವಾಷಿಂಗ್ಟನ್ ಕಾಯಲು ಎದ್ದ 160ಕ್ಕೂ ಹೆಚ್ಚು ಕೋಟೆ, ಫಿರಂಗಿ ನೆಲೆಗಳ ಪೈಕಿ ಮೊದಲು ನೋಡಬೇಕಾದ್ದು ಇದನ್ನೇ.

1861ರ ಜುಲೈ 21ರಂದು ವಾಷಿಂಗ್ಟನ್‌ಗೆ ಹತ್ತಿರದ ಬುಲ್ ರನ್‌ನಲ್ಲಿ ಸೋತ ಉತ್ತರದ ಸೈನ್ಯ ದಿಕ್ಕೆಟ್ಟು ಹಿಂದಕ್ಕೋಡಿತು. ಆ ಭಯದಲ್ಲೇ ಇದನ್ನು ಕಟ್ಟಿದರು. ಮೊದಲು ಸುತ್ತಳತೆ 540 ಗಜ, 24 ಫಿರಂಗಿಗಳಿಗೆ ಜಾಗ. ಆಮೇಲೆ 818 ಗಜ, 36 ಫಿರಂಗಿ, ಐದು ಕೊತ್ತಳ. ಮಣ್ಣಾದರೆ ಬೇಗ ಏಳುತ್ತದೆ, ಹೊಡೆತವನ್ನೂ ನುಂಗಿಕೊಳ್ಳುತ್ತದೆ. 1862ರಲ್ಲಿ ಜಾರ್ಜಿಯಾದ ಪುಲಾಸ್ಕಿ ಕೋಟೆಯ ಇಟ್ಟಿಗೆ ಗೋಡೆಯನ್ನು ಹೊಸ ಬಗೆಯ ಫಿರಂಗಿಗಳು ಎರಡೇ ದಿನದಲ್ಲಿ ಒಡೆದವು. ಮಣ್ಣಿನಲ್ಲಿ ಗುಂಡು ಹೂತುಹೋಗುತ್ತದೆ, ಆದ ಗುಂಡಿಯನ್ನು ಸಲಿಕೆಯಿಂದ ಮುಚ್ಚಿದರಾಯಿತು.

ಮ್ಯೂಸಿಯಂನಲ್ಲಿ ನಕ್ಷೆ ನೋಡಿಕೊಂಡು ನೇರವಾಗಿ ವಾಯವ್ಯದ ಕೊತ್ತಳಕ್ಕೆ ಹೋಗಿ. 1960ರ ದಶಕದಲ್ಲಿ ಮೂಲದಂತೆ ಮತ್ತೆ ಕಟ್ಟಿದ ಭಾಗವಿದು. ಒಳಮೈಗೆ ಸಾಲಾಗಿ ನಿಲ್ಲಿಸಿದ ಮರದ ಗೂಟಗಳೇ ಮಣ್ಣಿಗೆ ಆಸರೆ. ಫಿರಂಗಿ ಕಂಡಿ ಒಳಗೆ ಕಿರಿದು, ಹೊರಗೆ ಅಗಲ: ಕೊಳವೆ ಎಡಬಲಕ್ಕೆ ತಿರುಗಬೇಕು, ಶತ್ರುವಿನ ಗುಂಡು ಒಳಗೆ ಬರಬಾರದು. ಒಂದು ಕಂಡಿಯ ಹಿಂದೆ ನಿಂತು ಪಕ್ಕದ ಗೋಡೆಯತ್ತ ಕಣ್ಣು ಹಾಯಿಸಿ. ಕೊತ್ತಳ ಯಾಕೆ ಮುಂದಕ್ಕೆ ಚಾಚಿದೆ ಎಂಬುದು ಆಗ ತಿಳಿಯುತ್ತದೆ: ಕಂದಕಕ್ಕಿಳಿದವನ ಮೇಲೆ ಪಕ್ಕದಿಂದ ಗುಂಡು ಹಾರಿಸಬಹುದು.

ಇದನ್ನು ನೋಡಿದ ಮೇಲಷ್ಟೇ ಉಳಿದ ದಿಬ್ಬಗಳ ಸುತ್ತ ನಡೆಯಿರಿ. ಅಲ್ಲಿ ಗೂಟಗಳು ಕೊಳೆತು ಮಣ್ಣು ಜಾರಿದೆ, ಕಂದಕ ತುಂಬಿಕೊಂಡಿದೆ. ನೇರ ಅಲ್ಲಿಗೆ ಹೋದವರು ಏನೂ ಕಾಣದೆ ವಾಪಸಾಗುತ್ತಾರೆ. ಎಲೆ ಉದುರಿದ ಚಳಿಗಾಲದಲ್ಲಿ ಆಕಾರ ಸ್ಪಷ್ಟ. ಬೇಸಿಗೆಯಲ್ಲಿ ಉಣ್ಣೆ ಹುಳುಗಳ ಕಾಟ, ಉದ್ದ ಪ್ಯಾಂಟ್ ಬೇಕು. ದಿಬ್ಬದ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಕಾಲುದಾರಿ ಬಿದ್ದಲ್ಲಿ ಹುಲ್ಲು ಸಾಯುತ್ತದೆ, ಮಳೆನೀರು ಅಲ್ಲೇ ಕೊರೆಯುತ್ತದೆ.

ಎಂಜಿನಿಯರ್ ದಳದ ಲಾಂಛನ ಹೊತ್ತ ಹೆಬ್ಬಾಗಿಲು ಚೆಂದ, ಆದರೆ ಮೂಲ ಬಾಗಿಲು ಮುಗಿದದ್ದೇ 1865ರ ಮೇನಲ್ಲಿ, ದಕ್ಷಿಣದ ಸೇನಾಪತಿ ಲೀ ಶರಣಾದ ಮೇಲೆ. ಯುದ್ಧದ ನಂತರ ಇಲ್ಲಿ ನೆಲೆಸಿ, ಉದ್ಯಾನಕ್ಕಾಗಿ ಜಾಗ ಬಿಡಬೇಕಾಗಿ ಬಂದ ಕಪ್ಪು ಕುಟುಂಬಗಳ ಕುರಿತ ಫಲಕಗಳನ್ನು ಓದದೆ ಹೊರಡಬೇಡಿ.

ಈ ಕೋಟೆಯ ಮೇಲೆ ಯಾರೂ ದಾಳಿ ಮಾಡಲಿಲ್ಲ. ಕಾಳಗ ನಡೆದ ಜಾಗವೇ ಬೇಕೆಂದರೆ ವಾಷಿಂಗ್ಟನ್ ನಗರದ ಉತ್ತರ ಭಾಗದಲ್ಲಿರುವ ಫೋರ್ಟ್ ಸ್ಟೀವನ್ಸ್‌ಗೆ ಹೋಗಿ. 1864ರ ಜುಲೈನಲ್ಲಿ ಅಧ್ಯಕ್ಷ ಲಿಂಕನ್ ಗುಂಡಿನ ಸುರಿಮಳೆಯ ನಡುವೆ ನಿಂತದ್ದು ಅಲ್ಲಿ. ಫೋರ್ಟ್ ವಾರ್ಡ್‌ಗೆ ಟಿಕೆಟ್ ಇಲ್ಲ. ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ, ಉಳಿದ ದಿನಗಳ ಸಮಯವನ್ನೂ ನೋಡಿಕೊಂಡು ಹೊರಡಿ.