ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್: ಕಂಟೇನರ್ ನಡೆಸುವವರ ದೃಷ್ಟಿಯಿಂದ

ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಸಂಸ್ಥೆಯು, ಸರ್ವರ್‌ಗಳ ಮಾಹಿತಿಯ ಪ್ರತಿಗಳನ್ನು ತೆಗೆದಿಡುವ ತನ್ನ ಬ್ಯಾಕಪ್ ಸರ್ವರ್ ತಂತ್ರಾಂಶದ ಮೊದಲ ಆವೃತ್ತಿಯನ್ನು 2020ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಅಲ್ಲಿಂದೀಚೆಗೆ ಅದರ ಬಗ್ಗೆ ಬಂದಿರುವ ಹೊಗಳಿಕೆಯಲ್ಲಿ ಹೆಚ್ಚಿನ ಪಾಲು ಪೂರ್ಣ ವರ್ಚುವಲ್ ಯಂತ್ರಗಳ ಬ್ಯಾಕಪ್‌ಗೆ ಸಂಬಂಧಿಸಿದ್ದು. ನನ್ನ ಜವಾಬ್ದಾರಿಯಲ್ಲಿರುವ ಸರ್ವರ್‌ಗಳಲ್ಲಿ ಜಾಲತಾಣ, ಮೇಲ್, ಗ್ರಂಥಾಲಯದ ಕ್ಯಾಟಲಾಗ್, ಲೆಕ್ಕಪತ್ರ ಎಲ್ಲವೂ ಎಲ್‌ಎಕ್ಸ್‌ಸಿ ಕಂಟೇನರ್‌ಗಳಲ್ಲೇ (ಮೂಲ ಯಂತ್ರದ ಕರ್ನಲನ್ನೇ ಹಂಚಿಕೊಂಡು ಪ್ರತ್ಯೇಕವಾಗಿ ಓಡುವ ಹಗುರ ಲಿನಕ್ಸ್ ಪರಿಸರಗಳು) ಓಡುತ್ತವೆ. ಹಾಗಾಗಿ ಈ ವಿಮರ್ಶೆಯನ್ನು ಕಂಟೇನರ್‌ಗಳಿಗೆ ಮಾತ್ರ ಸೀಮಿತಗೊಳಿಸಿದ್ದೇನೆ. ಈ ತಂತ್ರಾಂಶವು ವರ್ಚುವಲ್ ಯಂತ್ರವನ್ನು ಡಿಸ್ಕ್ ಎಂದು ನೋಡುತ್ತದೆ, ಕಂಟೇನರ್‌ ಅನ್ನು ಫೈಲ್‌ಗಳ ಸಮೂಹ ಎಂದು ನೋಡುತ್ತದೆ. ಕಂಟೇನರ್‌ಗಳ ವಿಷಯದಲ್ಲಿ ನಾನು ಕಂಡ ಬಹುತೇಕ ಗುಣದೋಷಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿವೆ.

ಹಿಂದಿನ ವ್ಯವಸ್ಥೆ ಹೇಗಿತ್ತು ಎಂಬುದನ್ನು ನೆನಪಿಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ. ವರ್ಚುವಲ್ ಯಂತ್ರ ಮತ್ತು ಕಂಟೇನರ್‌ಗಳನ್ನು ಓಡಿಸುವ ಇದೇ ಸಂಸ್ಥೆಯ ಪ್ರಾಕ್ಸ್‌ಮಾಕ್ಸ್ ವಿಇಯಲ್ಲಿ 2015ರಲ್ಲಿ 4.0 ಆವೃತ್ತಿ ಬರುವವರೆಗೆ ಓಪನ್‌ವಿಝಡ್ ಎಂಬ ಬೇರೆ ಬಗೆಯ ಕಂಟೇನರ್‌ಗಳಿದ್ದವು. ಎಲ್‌ಎಕ್ಸ್‌ಸಿ ಬಂದ ಮೇಲೂ ಬ್ಯಾಕಪ್ ತೆಗೆಯುವ ಸಾಧನಕ್ಕೆ ವಿಝಡ್‌ಡಂಪ್ ಎಂಬ ಹಳೆಯ ಹೆಸರೇ ಉಳಿದುಕೊಂಡಿದೆ. ಅದು ಬ್ಯಾಕಪ್ ಸರ್ವರ್ ಇಲ್ಲದೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪ್ರತಿ ಸಲವೂ ಇಡೀ ಕಂಟೇನರ್‌ ಅನ್ನು ಹೊಸ ಟಾರ್ ಫೈಲ್ (ಎಲ್ಲವನ್ನೂ ಕಟ್ಟಿಟ್ಟ ಒಂದೇ ಫೈಲ್) ಆಗಿ ಬರೆದಿಡುತ್ತದೆ. ಎರಡು ವಾರಗಳ ದಿನನಿತ್ಯದ ಪ್ರತಿಗಳು ಬೇಕೆಂದರೆ ಹದಿನಾಲ್ಕು ಪೂರ್ಣ ಫೈಲ್‌ಗಳಿಗೆ ಜಾಗ ಕೊಡಬೇಕು. ಜಾಗ ಸಾಲದಾದಾಗ ಹಳೆಯ ಪ್ರತಿಗಳನ್ನು ಅಳಿಸುವುದು ಅನಿವಾರ್ಯವಾಗುತ್ತದೆ, ಮತ್ತು ತಿಂಗಳ ಹಿಂದೆಯೇ ಕೆಟ್ಟ ಫೈಲೊಂದು ಇಂದು ಗಮನಕ್ಕೆ ಬಂದರೆ ಅದಕ್ಕೆ ಪರಿಹಾರವೇ ಉಳಿದಿರುವುದಿಲ್ಲ.

ಬ್ಯಾಕಪ್ ಸರ್ವರ್ ಈ ತೊಂದರೆಯನ್ನು ಬುಡದಿಂದಲೇ ಬಗೆಹರಿಸಿದೆ. ಕಂಟೇನರ್‌ನ ಫೈಲ್‌ಗಳು ಪಿಎಕ್ಸ್‌ಎಆರ್ ಎಂಬ ಆರ್ಕೈವ್ ಆಗಿ ಹರಿದುಬರುತ್ತವೆ. ಆ ಹರಿವನ್ನು ಅದರೊಳಗಿನ ಮಾಹಿತಿಯ ಆಧಾರದ ಮೇಲೆಯೇ ಬೇರೆ ಬೇರೆ ಗಾತ್ರದ ಚಂಕ್‌ಗಳಾಗಿ (ತುಂಡುಗಳಾಗಿ) ಕತ್ತರಿಸಲಾಗುತ್ತದೆ, ಪ್ರತಿ ಚಂಕ್‌ಗೂ ಅದರ ಮಾಹಿತಿಯಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಎಸ್‌ಎಚ್‌ಎ-256 ಮೊತ್ತವೇ ಗುರುತು. ಅದೇ ಗುರುತಿನ ಚಂಕ್ ಸರ್ವರ್‌ನಲ್ಲಿ ಮೊದಲೇ ಇದ್ದರೆ ಎರಡನೆಯ ಸಲ ಬರೆಯುವುದಿಲ್ಲ. ವರ್ಚುವಲ್ ಯಂತ್ರಗಳಲ್ಲಿ ಚಂಕ್‌ನ ಗಾತ್ರ 4 ಎಂಐಬಿ ಎಂದು ನಿಗದಿಯಾಗಿದೆ. ಕಂಟೇನರ್‌ಗಳಿಗೆ ಆ ಕ್ರಮ ಹೊಂದುತ್ತಿರಲಿಲ್ಲ: ಆರ್ಕೈವ್‌ನ ನಡುವೆ ಒಂದು ಹೊಸ ಫೈಲ್ ಸೇರಿದರೆ ಅದರ ಮುಂದಿನದೆಲ್ಲ ಸರಿದುಹೋಗಿ, ಅಲ್ಲಿಂದ ಮುಂದಿನ ಚಂಕ್‌ಗಳೆಲ್ಲ ಹೊಸದಾಗಿಬಿಡುತ್ತಿದ್ದವು. ಮಾಹಿತಿ ನೋಡಿ ಕತ್ತರಿಸುವುದರಿಂದ ಬದಲಾದ ಭಾಗದ ಸುತ್ತಮುತ್ತ ಮಾತ್ರ ಹೊಸ ಚಂಕ್‌ಗಳು ಹುಟ್ಟುತ್ತವೆ. ಡೆಬಿಯನ್ ಲಿನಕ್ಸ್‌ನ ಒಂದೇ ಆವೃತ್ತಿಯ ಮೇಲೆ ನಿಂತ ಹಲವು ಕಂಟೇನರ್‌ಗಳು ತಮ್ಮೊಳಗೂ ಚಂಕ್‌ಗಳನ್ನು ಹಂಚಿಕೊಳ್ಳುವುದರಿಂದ ಉಳಿತಾಯ ಇನ್ನಷ್ಟು ಹೆಚ್ಚುತ್ತದೆ. ದಿನ, ವಾರ, ತಿಂಗಳ ಪ್ರತಿಗಳನ್ನು ಧಾರಾಳವಾಗಿ ಇಟ್ಟುಕೊಳ್ಳುವ ಧೈರ್ಯ ನನಗೆ ಬಂದದ್ದು ಇದರಿಂದಲೇ.

ಆದರೆ ಜಾಗ ಉಳಿದ ಮಾತ್ರಕ್ಕೆ ಸಮಯವೂ ಉಳಿಯುತ್ತದೆ ಎನ್ನಲಾಗದು. ಓಡುತ್ತಿರುವ ವರ್ಚುವಲ್ ಯಂತ್ರದ ಡಿಸ್ಕ್‌ನಲ್ಲಿ ಯಾವ ಭಾಗ ಬದಲಾಯಿತು ಎಂಬ ಲೆಕ್ಕವನ್ನು ಆ ಯಂತ್ರವನ್ನು ಓಡಿಸುವ ಕ್ಯುಇಎಂಯು ತಂತ್ರಾಂಶ ಇಟ್ಟಿರುತ್ತದೆ. ಕಂಟೇನರ್‌ಗೆ ಅಂಥ ಲೆಕ್ಕಿಗನಿಲ್ಲ. ಆದ್ದರಿಂದ ನಾಲ್ಕೇ ಫೈಲ್ ಬದಲಾಗಿದ್ದರೂ ಎಲ್ಲ ಫೈಲ್‌ಗಳನ್ನೂ ಮೊದಲಿನಿಂದ ಓದಿ, ಚಂಕ್ ಮಾಡಿ, ಮೊತ್ತ ಕಟ್ಟಿದ ಮೇಲಷ್ಟೇ ಹೊಸದೇನೂ ಇಲ್ಲವೆಂದು ತಿಳಿಯುತ್ತದೆ. ಲಕ್ಷಾಂತರ ಸಣ್ಣ ಫೈಲ್‌ಗಳಿರುವ ಮೇಲ್ ಕಂಟೇನರ್‌ನಲ್ಲಿ ಇದು ನಿಜಕ್ಕೂ ಹೊರೆ. 2024ರ ನವೆಂಬರ್‌ನಲ್ಲಿ ಬಂದ ವಿಇ 8.3 ಮತ್ತು ಬ್ಯಾಕಪ್ ಸರ್ವರ್ 3.3 ಆವೃತ್ತಿಗಳ ಕಾಲಕ್ಕೆ ಇದಕ್ಕೆ ಉತ್ತರ ಸಿಕ್ಕಿದೆ. ಬದಲಾವಣೆ ಪತ್ತೆಯ ವಿಧಾನವನ್ನು ಮೆಟಾಡೇಟಾ ಎಂದು ಆರಿಸಿಕೊಂಡರೆ, ಫೈಲ್‌ಗಳ ಗಾತ್ರ, ಬದಲಾದ ಸಮಯದಂಥ ವಿವರಗಳನ್ನು ಹಿಂದಿನ ಪ್ರತಿಯದರೊಂದಿಗೆ ಹೋಲಿಸಿ, ಬದಲಾಗದ ಫೈಲ್‌ಗಳನ್ನು ಓದದೆ ಅವುಗಳ ಹಳೆಯ ಚಂಕ್‌ಗಳನ್ನೇ ಮರುಬಳಸಲಾಗುತ್ತದೆ. ಮೇಲ್‌ ಕಂಟೇನರ್‌ಗೆ ಇದು ದೊಡ್ಡ ವರ. ದತ್ತಸಂಚಯದ ಭಾರಿ ಫೈಲೊಂದು ದಿನವೂ ಬದಲಾಗುವಲ್ಲಿ ಮಾತ್ರ ಪ್ರಯೋಜನ ಕಡಿಮೆ. ಈ ಆಯ್ಕೆ ತಾನಾಗಿ ಚಾಲೂ ಆಗುವುದಿಲ್ಲ, ಬ್ಯಾಕಪ್ ಜಾಬ್‌ನ ಸುಧಾರಿತ ಆಯ್ಕೆಗಳಲ್ಲಿ ಹುಡುಕಿ ಬದಲಿಸಬೇಕು. ಇಷ್ಟು ಉಪಯುಕ್ತವಾದುದನ್ನು ಅಷ್ಟು ಒಳಗೆ ಇಟ್ಟಿರುವುದು ನನಗೆ ಸರಿಕಾಣುವುದಿಲ್ಲ.

ಅದಕ್ಕಿಂತ ಗಂಭೀರವಾದ ವಿಷಯವೆಂದರೆ ಬ್ಯಾಕಪ್‌ನಲ್ಲಿ ಏನು ಸೇರುವುದಿಲ್ಲ ಎಂಬುದು. ಕಂಟೇನರ್‌ನ ರೂಟ್ ವಾಲ್ಯೂಮ್ (ಕಾರ್ಯವ್ಯವಸ್ಥೆ ಇರುವ ಮುಖ್ಯ ಸಂಗ್ರಹ) ಯಾವಾಗಲೂ ಸೇರುತ್ತದೆ. ಹೆಚ್ಚುವರಿ ಮೌಂಟ್ ಪಾಯಿಂಟ್‌ಗಳು (ಕಂಟೇನರ್‌ಗೆ ಜೋಡಿಸಿದ ಬೇರೆ ಸಂಗ್ರಹಗಳು) ಅವುಗಳ ಬ್ಯಾಕಪ್ ಗುರುತನ್ನು ನಾವಾಗಿಯೇ ಹಾಕಿದ್ದರೆ ಮಾತ್ರ ಸೇರುತ್ತವೆ. ಮೂಲ ಯಂತ್ರದ ಫೋಲ್ಡರನ್ನು ಒಳಗೆ ತೋರಿಸುವ ಬೈಂಡ್ ಮೌಂಟ್‌ಗಳು ಯಾವ ಗುರುತು ಹಾಕಿದರೂ ಸೇರುವುದಿಲ್ಲ, ಏಕೆಂದರೆ ಅವು ಪ್ರಾಕ್ಸ್‌ಮಾಕ್ಸ್ ನಿರ್ವಹಿಸುವ ವಾಲ್ಯೂಮ್‌ಗಳೇ ಅಲ್ಲ. ನೆಕ್ಸ್ಟ್‌ಕ್ಲೌಡ್‌ನಂಥ ಫೈಲ್ ಹಂಚಿಕೆಯ ಸೇವೆಗಳನ್ನು ಕಟ್ಟುವವರು ಬೆಲೆಬಾಳುವ ಮಾಹಿತಿಯನ್ನೆಲ್ಲ ಬೈಂಡ್ ಮೌಂಟ್‌ನಲ್ಲಿಟ್ಟು, ಸುಲಭವಾಗಿ ಮತ್ತೆ ಕಟ್ಟಬಹುದಾದ ಕಾರ್ಯವ್ಯವಸ್ಥೆಯನ್ನು ರೂಟ್‌ನಲ್ಲಿಡುತ್ತಾರೆ. ಅವರ ಬ್ಯಾಕಪ್ ಪ್ರತಿರಾತ್ರಿ ಯಶಸ್ವಿ ಎಂದು ಹಸಿರು ಬಣ್ಣದಲ್ಲಿ ಮುಗಿಯುತ್ತದೆ. ಕೈಬಿಟ್ಟದ್ದನ್ನು ತಂತ್ರಾಂಶ ಮುಚ್ಚಿಡುವುದಿಲ್ಲ. ಯಾವ ಮೌಂಟ್ ಪಾಯಿಂಟ್ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಲಾಗ್‌ನಲ್ಲಿ ಸಾಲುಸಾಲಾಗಿ ಬರೆಯುತ್ತದೆ. ಇದನ್ನು ಬಳಸುವ ಪ್ರತಿಯೊಬ್ಬರೂ ಕನಿಷ್ಠ ಒಂದು ಸಲವಾದರೂ ಆ ಲಾಗ್‌ ಅನ್ನು ಪೂರ್ತಿ ಓದಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಬ್ಯಾಕಪ್ ತೆಗೆಯುವ ಮೂರು ಬಗೆಗಳಲ್ಲಿ ಕಂಟೇನರ್ ಓಡುತ್ತಿರುವಾಗಲೇ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಬಗೆಯೇ ದಿನಬಳಕೆಗೆ ಯೋಗ್ಯ. ಇದಕ್ಕೆ ಝಡ್‌ಎಫ್‌ಎಸ್, ಎಲ್‌ವಿಎಂ-ಥಿನ್ ಅಥವಾ ಸೆಫ್‌ನಂಥ ಸಂಗ್ರಹ ಬೇಕು. ಸಸ್ಪೆಂಡ್ ಬಗೆಯಲ್ಲಿ ಆರ್‌ಸಿಂಕ್ ಎಂಬ ನಕಲು ಸಾಧನದಿಂದ ತಾತ್ಕಾಲಿಕ ಪ್ರತಿಯೊಂದನ್ನು ಮಾಡಬೇಕಾಗುತ್ತದೆ. ಸ್ಟಾಪ್ ಬಗೆಯಲ್ಲಂತೂ ಬ್ಯಾಕಪ್ ಮುಗಿಯುವವರೆಗೆ ಕಂಟೇನರ್ ನಿಂತೇ ಇರುತ್ತದೆ. ಸ್ನ್ಯಾಪ್‌ಶಾಟ್‌ನಲ್ಲೂ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ದತ್ತಸಂಚಯಗಳಿಗೆ ಸಿಗುವುದು ದಿಢೀರನೆ ವಿದ್ಯುತ್ ಹೋದ ಕ್ಷಣದ ಸ್ಥಿತಿಯೇ. ಮರಿಯಾಡಿಬಿಯ ಸಂಗ್ರಹ ಎಂಜಿನ್ ಆದ ಇನ್ನೋಡಿಬಿಯು ಅದರಿಂದ ಚೇತರಿಸಿಕೊಳ್ಳುವಂತೆ ರಚಿತವಾಗಿದ್ದರೂ, ಬ್ಯಾಕಪ್‌ಗೆ ಮುಂಚೆ ಕಂಟೇನರ್‌ನೊಳಗೇ ದತ್ತಸಂಚಯದ ಒಂದು ಡಂಪ್ (ಪೂರ್ಣ ರಫ್ತು ಪ್ರತಿ) ತೆಗೆದಿಡುವುದನ್ನು ನಾನು ಬಿಟ್ಟಿಲ್ಲ.

ಇನ್ನು ರಿಸ್ಟೋರ್, ಅಂದರೆ ಪ್ರತಿಯಿಂದ ಮರಳಿ ಪಡೆಯುವುದು. ಫೈಲ್‌ಗಳ ಸಮೂಹ ಎಂಬ ನೋಟದ ದೊಡ್ಡ ಲಾಭ ಸಿಗುವುದು ಇಲ್ಲಿ. ಬಳಕೆದಾರರು ಒಂದು ಕಡತ ಅಳಿಸಿಕೊಂಡರೆ, ವೆಬ್ ಪುಟದಲ್ಲೇ ಆ ದಿನದ ಪ್ರತಿಯನ್ನು ತೆರೆದು, ಫೋಲ್ಡರ್‌ಗಳಲ್ಲಿ ಅಡ್ಡಾಡಿ, ಬೇಕಾದ ಒಂದೇ ಫೈಲನ್ನು ಇಳಿಸಿಕೊಳ್ಳಬಹುದು. ಕಂಟೇನರ್‌ ಅನ್ನು ಮುಟ್ಟಬೇಕಾಗಿಯೇ ಇಲ್ಲ. ಪೂರ್ಣ ರಿಸ್ಟೋರ್‌ನಲ್ಲಿ ಝಡ್‌ಎಫ್‌ಎಸ್‌ನಿಂದ ತೆಗೆದದ್ದನ್ನು ಎಲ್‌ವಿಎಂ ಮೇಲೆ ಇಳಿಸಬಹುದು. ಅಗತ್ಯಕ್ಕಿಂತ ದೊಡ್ಡದಾಗಿ ಮಾಡಿಟ್ಟ ರೂಟ್ ವಾಲ್ಯೂಮನ್ನು ಚಿಕ್ಕದಾಗಿಸಲೂ ಇದೇ ದಾರಿ. ವೆಬ್ ಪುಟವು ಮೂಲ ಸಂರಚನೆಯನ್ನೇ ಅನುಸರಿಸುವುದರಿಂದ, ಗಾತ್ರ ಬದಲಿಸಲು ಪಿಸಿಟಿ ರಿಸ್ಟೋರ್ ಆದೇಶವನ್ನು ಕೈಯಿಂದ ಬರೆಯಬೇಕು. ಇರುವ ಕಂಟೇನರ್‌ನ ಮೇಲೆಯೇ ರಿಸ್ಟೋರ್ ಮಾಡಿದರೆ ಹಳೆಯದು ಅಳಿದುಹೋಗುತ್ತದೆ, ಹೀಗಾಗಿ ಸಂದೇಹವಿದ್ದಾಗ ಹೊಸ ಸಂಖ್ಯೆ ಕೊಟ್ಟು ಇಳಿಸಿ, ಯುನೀಕ್ ಆಯ್ಕೆಯಿಂದ ಬೇರೆ ಮ್ಯಾಕ್ ವಿಳಾಸ (ಜಾಲದಲ್ಲಿ ಯಂತ್ರದ ಗುರುತು) ಪಡೆಯುವುದು ಕ್ಷೇಮ. ಸ್ಥಿರ ಐಪಿ ಇದ್ದರೆ ಅದನ್ನು ಪ್ರತ್ಯೇಕವಾಗಿ ಬದಲಿಸಬೇಕು. ವರ್ಚುವಲ್ ಯಂತ್ರಗಳಿಗಿರುವ ಲೈವ್ ರಿಸ್ಟೋರ್ (ಮಾಹಿತಿ ಇಳಿಯುತ್ತಿರುವಾಗಲೇ ಯಂತ್ರ ಚಾಲೂ ಆಗುವುದು) ಕಂಟೇನರ್‌ಗಳಿಗಿಲ್ಲ. ಕೊನೆಯ ಫೈಲ್ ಇಳಿಯುವವರೆಗೂ ಸೇವೆ ನಿಂತಿರುತ್ತದೆ, ಮತ್ತು ಆ ಅವಧಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಪ್ರತಿಗಳನ್ನು ಇಟ್ಟಿರುವ ಡೇಟಾಸ್ಟೋರ್‌ನ ಡಿಸ್ಕ್. ಚಂಕ್‌ಗಳು 65536 ಉಪಫೋಲ್ಡರ್‌ಗಳಲ್ಲಿ ಚದುರಿರುವುದರಿಂದ, ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ರಿಸ್ಟೋರ್ ಮತ್ತು ವೆರಿಫೈ (ಪ್ರತಿಗಳ ತಪಾಸಣೆ) ಎರಡೂ ತೆವಳುತ್ತವೆ. ಇಲ್ಲಿ ಎಸ್‌ಎಸ್‌ಡಿಗೆ ಹಣ ಹಾಕುವುದು ಆಡಂಬರವಲ್ಲ.

ಭದ್ರತೆಯ ವಿನ್ಯಾಸ ನನಗೆ ತುಂಬ ಇಷ್ಟವಾಯಿತು. ಬ್ಯಾಕಪ್ ಕಳಿಸುವ ಯಂತ್ರಕ್ಕೆ ಡೇಟಾಸ್ಟೋರ್‌ಬ್ಯಾಕಪ್ ಎಂಬ ಪಾತ್ರವನ್ನಷ್ಟೇ ಕೊಟ್ಟರೆ, ಅದು ಹೊಸ ಪ್ರತಿಗಳನ್ನು ಬರೆಯಬಲ್ಲದು, ತನ್ನ ಪ್ರತಿಗಳನ್ನು ಹಿಂಪಡೆಯಬಲ್ಲದು, ಆದರೆ ಹಳೆಯವನ್ನು ಅಳಿಸಲಾರದು. ಮೂಲ ಯಂತ್ರ ದುಷ್ಟರ ವಶವಾದರೂ ಹಿಂದಿನ ಪ್ರತಿಗಳು ಉಳಿಯುತ್ತವೆ. ಎಇಎಸ್-256 ಎನ್‌ಕ್ರಿಪ್ಶನ್ ಕಳಿಸುವ ಕಡೆಯಲ್ಲೇ ನಡೆಯುವುದರಿಂದ, ಬೇರೆಯವರ ಸ್ಥಳದಲ್ಲಿರುವ ಸರ್ವರ್‌ಗೂ ಪ್ರತಿಗಳನ್ನು ನಿಶ್ಚಿಂತೆಯಿಂದ ಸಿಂಕ್ ಮಾಡಬಹುದು. ಕೀ ಕಳೆದರೆ ಮಾತ್ರ ಪ್ರತಿಗಳೆಲ್ಲ ನಿರುಪಯುಕ್ತ. ಕಾಗದದ ಮೇಲೆ ಕ್ಯುಆರ್ ಕೋಡ್ ಸಹಿತ ಮುದ್ರಿಸಿಕೊಳ್ಳುವ ಸೌಲಭ್ಯವನ್ನು ತಂತ್ರಾಂಶವೇ ಒದಗಿಸಿದೆ, ಅದನ್ನು ಬಳಸಿ ಮುದ್ರಿತ ಪ್ರತಿಯನ್ನು ಸರ್ವರ್ ಕೋಣೆಯ ಹೊರಗೆ ಇಡತಕ್ಕದ್ದು.

ತಂತ್ರಾಂಶ ಎಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಚಂದಾ ಕಟ್ಟದೆಯೂ ಎಲ್ಲ ಸೌಲಭ್ಯಗಳು ದೊರೆಯುತ್ತವೆ, ಚಂದಾದಾರರಿಗೆ ಹೆಚ್ಚು ಪರೀಕ್ಷಿಸಿದ ಅಪ್‌ಡೇಟ್‌ಗಳ ಭಂಡಾರ ಸಿಗುತ್ತದೆ. ಪ್ರೂನ್ ಮಾಡಿದ (ಹಳೆಯ ಪ್ರತಿಗಳನ್ನು ತೆಗೆದುಹಾಕಿದ) ಕೂಡಲೇ ಜಾಗ ಖಾಲಿಯಾಗದು ಎಂಬುದನ್ನು ಹೊಸಬರು ತಿಳಿದಿರಬೇಕು. ಬೇಡವಾದ ಚಂಕ್‌ಗಳನ್ನು ಅಳಿಸುವ ಗಾರ್ಬೇಜ್ ಕಲೆಕ್ಷನ್ ನಡೆದ ಮೇಲಷ್ಟೇ ಜಾಗ ಮರಳುತ್ತದೆ, ಅದೂ ಸಾಮಾನ್ಯವಾಗಿ ಕಳೆದ ಸುಮಾರು 24 ಗಂಟೆಗಳಲ್ಲಿ ಬಳಕೆಯಾದ ಚಂಕ್‌ಗಳನ್ನು ಮುಟ್ಟುವುದಿಲ್ಲ.

ನನ್ನ ಮಟ್ಟಿಗೆ ಉಳಿದಿರುವ ಒಂದು ಕೊರತೆ ವೆರಿಫೈ ಜಾಬ್‌ಗೆ ಸಂಬಂಧಿಸಿದ್ದು. ಅದು ಪ್ರತಿ ಚಂಕ್‌ ಅನ್ನೂ ಮತ್ತೆ ಓದಿ ಮೊತ್ತ ತಾಳೆ ನೋಡುತ್ತದೆ. ಡಿಸ್ಕ್ ಕೊಳೆಯುತ್ತಿದ್ದರೆ ಹೇಳುತ್ತದೆ. ಆ ಪ್ರತಿಯಿಂದ ಇಳಿಸಿದ ಕಂಟೇನರ್ ಬೂಟ್ ಆಗುತ್ತದೆಯೇ, ಒಳಗಿನ ದತ್ತಸಂಚಯ ತೆರೆಯುತ್ತದೆಯೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಬೇರೆ ಸಂಖ್ಯೆಗೆ ರಿಸ್ಟೋರ್ ಮಾಡಿ, ಜಾಲದಿಂದ ಪ್ರತ್ಯೇಕಿಸಿ ಚಾಲನೆ ಕೊಟ್ಟು, ಸೇವೆ ಉತ್ತರಿಸಿತೇ ಎಂದು ನೋಡಿ, ವರದಿ ಕಳಿಸಿ ಅಳಿಸುವ ಜಾಬ್‌ ಅನ್ನು ಈಗ ನಾವೇ ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ಲಿನಕ್ಸ್ ಸಾಧನ) ಬರೆದುಕೊಳ್ಳಬೇಕಾಗಿದೆ. ಪ್ರೂನ್, ವೆರಿಫೈ, ಸಿಂಕ್‌ಗಳ ಸಾಲಿನಲ್ಲಿ ರಿಸ್ಟೋರ್ ಪರೀಕ್ಷೆಗೂ ಒಂದು ಜಾಗವನ್ನು ಮುಂದಿನ ಆವೃತ್ತಿಗಳಲ್ಲಿ ಕೊಡಬೇಕೆಂಬುದು ನನ್ನ ಕೋರಿಕೆ.