ಇಪಿಡಿಎಂ ಫ್ಯಾನ್ ಬೆಲ್ಟ್: ಬಿರುಕಿಲ್ಲದಿದ್ದರೂ ಸವೆದಿರುತ್ತದೆ

ಕೆಲವು ವರ್ಷಗಳಿಂದ ನಮ್ಮ ಪೆಟ್ರೋಲ್ ಕಾರಿನಲ್ಲಿ, ಎಂಜಿನ್ನಿನ ಬಲದಿಂದ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಸಾಧನ), ಎಸಿ ಮುಂತಾದವನ್ನು ತಿರುಗಿಸುವ ಫ್ಯಾನ್ ಬೆಲ್ಟಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನದನ್ನೇ ಬಳಸುತ್ತಿದ್ದೇನೆ. ತೀರ್ಥಹಳ್ಳಿ, ಆಗುಂಬೆಗಳ ಮಳೆಯಲ್ಲಿಯೂ ಬಯಲುಸೀಮೆಯ ಬಿಸಿಲಿನಲ್ಲಿಯೂ ಅದು ಚೆನ್ನಾಗಿ ಬಾಳಿದೆ. ಆದರೆ ಇದರ ಸವೆತವನ್ನು ಗುರುತಿಸುವ ಬಗೆ ಬೇರೆ ಎಂಬುದು ಕೊಳ್ಳುವವರಿಗೆ ಮೊದಲೇ ತಿಳಿದಿರಬೇಕು.

ಹಿಂದಿನ ನಿಯೋಪ್ರೀನ್ ರಬ್ಬರಿನ ಬೆಲ್ಟು ಹಳೆಯದಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿದ್ದುದರಿಂದ, ಬಾನೆಟ್ ಎತ್ತಿ ನೋಡಿದರೆ ಅದರ ಸ್ಥಿತಿ ತಿಳಿಯುತ್ತಿತ್ತು. ಶಾಖವನ್ನು ಹೆಚ್ಚು ತಾಳಿಕೊಳ್ಳುವ ಇಪಿಡಿಎಂ ಅಷ್ಟು ಸುಲಭವಾಗಿ ಬಿರಿಯುವುದಿಲ್ಲ, ಟೈರಿನಂತೆ ತೇಯುತ್ತದೆ. ಬೆಲ್ಟಿನ ಉದ್ದಕ್ಕೂ ಇರುವ ಏಣುಗಳ ನಡುವಿನ ಗ್ರೂವ್‌ಗಳು ಅಗಲವಾಗುತ್ತಾ ಹೋಗಿ, ಬೆಲ್ಟು ಸುತ್ತಿಕೊಂಡಿರುವ ಪುಲ್ಲಿಯ ಏಣಿನ ತುದಿ ಬೆಲ್ಟಿನ ಗ್ರೂವ್ ತಳಕ್ಕೆ ತಾಗತೊಡಗಿದರೆ, ಇಳಿಜಾರಾದ ಪಕ್ಕಗಳ ಹಿಡಿತ ಕಡಿಮೆಯಾಗಿ ಬೆಲ್ಟು ಜಾರುತ್ತದೆ. ಆದ್ದರಿಂದ "ಬಿರುಕಿಲ್ಲ, ಇನ್ನೂ ಓಡುತ್ತದೆ ಸಾರ್" ಎಂಬ ಮಾತಿಗೆ ಒಪ್ಪದೆ, ಗ್ರೂವ್ ಆಳವನ್ನು ಗೇಜ್ ಇಟ್ಟು ಅಳೆಯಲು ಕೇಳುವುದು ಒಳ್ಳೆಯದು.

ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗ, ಮಳೆ ನೀರು ಸಿಡಿದಾಗ ಅಥವಾ ಎಸಿ ಹಾಕಿದಾಗ ಕೀರಲು ಸದ್ದು ಬಂದರೆ ಬೆಲ್ಟು ಜಾರುತ್ತಿದೆ ಎಂದು ಶಂಕಿಸಬಹುದು. ಮೆಕ್ಯಾನಿಕ್‌ಗಳು ಮಾಡುವ ಒಂದು ಪರೀಕ್ಷೆ ನನಗೆ ಬಹಳ ಉಪಯುಕ್ತವೆನಿಸಿದೆ: ಎಂಜಿನ್ ಓಡುತ್ತಿರುವಾಗ, ಕೈಯನ್ನೂ ಬಟ್ಟೆಯನ್ನೂ ದೂರವಿರಿಸಿಕೊಂಡು, ಬೆಲ್ಟಿನ ಏಣಿನ ಬದಿಗೆ ತುಸು ನೀರು ಚಿಮುಕಿಸುತ್ತಾರೆ. ಸದ್ದು ಹೆಚ್ಚಿದರೆ ಬಿಗಿ ಸಾಲದೆಂದೂ, ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲವೆಂದೂ ಊಹಿಸಬಹುದು. ಪುಲ್ಲಿಯ ಸಾಲು ತಪ್ಪಿದ್ದರೆ ಅಂಚಿನ ದಾರಗಳು ಎದ್ದುಬರುವುದೂ ಉಂಟು. ಹೀಗಿರುವಾಗ ಅಂಗಡಿಯಲ್ಲಿ ಸಿಗುವ ಸ್ಪ್ರೇ ಹೊಡೆದು ಸದ್ದಡಗಿಸಿದರೆ ಕಾರಣ ಹಾಗೆಯೇ ಉಳಿಯುತ್ತದೆ.

ಬೆಲ್ಟಿನ ಮೇಲೆ ಎಂಜಿನ್ ಆಯಿಲ್ ಸೋರಿದ್ದರೆ ರಬ್ಬರು ಉಬ್ಬಿ ಮೆದುವಾಗುತ್ತದೆ. ಮೊದಲು ಸೋರಿಕೆಯನ್ನು ನಿಲ್ಲಿಸದೆ ಹೊಸ ಬೆಲ್ಟು ಹಾಕಿಸಿ ಪ್ರಯೋಜನವಿಲ್ಲ. ಓಡಿಸುವಾಗ ಬ್ಯಾಟರಿ ದೀಪ ಹೊತ್ತಿಕೊಂಡರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲವೆಂದರ್ಥ, ಬೆಲ್ಟು ಹರಿದಿರಲೂಬಹುದು. ಇದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುವ ಕಾರುಗಳಲ್ಲಿ ಎಂಜಿನ್ ಬೇಗ ಕಾಯುವುದರಿಂದ ಕೂಡಲೇ ಬದಿಗೆ ನಿಲ್ಲಿಸಬೇಕು.

ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟು ಬೇರೆಯದು, ಅದಕ್ಕೆ ಈ ಯಾವ ಲಕ್ಷಣವನ್ನೂ ಕಾಯುವಂತಿಲ್ಲ. ಮುಚ್ಚಳದೊಳಗಿರುವ ಅದು ಮುನ್ಸೂಚನೆ ಕೊಡದೆ ಹರಿಯಬಹುದು, ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನೇ ಬಾಗಿಸಬಹುದು. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಅಥವಾ ವರ್ಷಗಳಲ್ಲಿ ಯಾವುದು ಮೊದಲು ಬರುವುದೋ ಆಗ ಬದಲಿಸಬೇಕು.

ಬಾಳಿಕೆಯನ್ನು ನೋಡಿ ಮುಂದಿನ ಸಲವೂ ಇಪಿಡಿಎಂ ಬೆಲ್ಟನ್ನೇ ಕೊಳ್ಳುತ್ತೇನೆ. ಕೊಳ್ಳುವಾಗ ಬೆನ್ನಿನ ಮೇಲಿನ ಗುರುತನ್ನು ಓದಿಕೊಳ್ಳಿ: 4ಪಿಕೆ 855 ಎಂದರೆ ನಾಲ್ಕು ಏಣು, 855 ಮಿಲಿಮೀಟರ್ ಉದ್ದ. ಬೆಲ್ಟು ಬಿಚ್ಚಿದಾಗಲೇ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಬೇರಿಂಗ್ ಗರಗರ ಎನ್ನುತ್ತಿದೆಯೇ ಎಂದು ನೋಡಿಸಿ.