ಗಣಿತ ಒಲಿಂಪಿಯಾಡೋ, ಭಾಷಾವಿಜ್ಞಾನ ಒಲಿಂಪಿಯಾಡೋ?

1959ರಲ್ಲಿ ಶುರುವಾದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಎರಡು ದಿನ ಪರೀಕ್ಷೆ. ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಲೆಕ್ಕ. ರೇಖಾಗಣಿತ, ಬೀಜಗಣಿತ ಮೊದಲೇ ಆಳವಾಗಿ ಕಲಿತಿರಲೇಬೇಕು.

ಭಾಷಾವಿಜ್ಞಾನದ್ದು 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾಯಿತು. ಆರು ಗಂಟೆ, ಐದು ಸಮಸ್ಯೆ. ನೀವು ಹೆಸರೇ ಕೇಳಿರದ ಭಾಷೆಯ ಕೆಲವು ವಾಕ್ಯ, ಅವುಗಳ ಅರ್ಥ ಕೊಡುತ್ತಾರೆ. ಯಾವ ತುಣುಕು ಬಹುವಚನ, ಯಾವುದು ಭೂತಕಾಲ ಅಂತ ನೀವೇ ಹುಡುಕಬೇಕು. ಆ ಭಾಷೆ ಮೊದಲೇ ಗೊತ್ತಿರಬೇಕಿಲ್ಲ. ಸುಮ್ನೆ ಊಹಿಸಿದರೂ ಆಗಲ್ಲ, ನಿಯಮವನ್ನು ವಿವರಿಸಬೇಕು. ಜೊತೆಗೆ ನಾಲ್ವರು ಸೇರಿ ಬಿಡಿಸುವ ತಂಡದ ಸುತ್ತೂ ಇದೆ. ನನಗೆ ಅದೇ ಜಾಸ್ತಿ ಇಷ್ಟ. ಗಣಿತದಲ್ಲಿ ಅದಿಲ್ಲ.

ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರೆ ಗಣಿತಕ್ಕೆ ಹೋಗಿ. ಈಗಷ್ಟೇ ಶುರು ಮಾಡುವವರಿಗೆ ನಾನು ಹೇಳುವುದು ಭಾಷಾವಿಜ್ಞಾನವನ್ನೇ.